ಮನೆಗೂ ಶಾಲೆಗೂ ಒಂದೇ ಹಾಳೆ: ಆಟಿಸಂ ಇರುವ ಮಗುವಿಗೆ ಕಲಿಸುವುದು ಹೇಗೆ?

ಜೂನ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ‘ಮಗನಿಗೆ ಆಟಿಸಂ ಅಂದಿದ್ದಾರೆ, ಮಾಮೂಲಿ ಶಾಲೆಗೆ ಹಾಕಬಹುದಾ?’ ‘ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಬೇಕಾ?’ ‘ಕ್ಲಾಸಲ್ಲಿ ಕೂರೋದೇ ಇಲ್ಲ ಅಂತ ಮಿಸ್ ದಿನಾ ಹೇಳ್ತಾರೆ, ಏನು ಮಾಡಲಿ?’ ಶಿಕ್ಷಕರು ಕೇಳುವುದೂ ಅದನ್ನೇ, ಬೇರೆ ಮಾತಿನಲ್ಲಿ: ‘ನಲವತ್ತು ಮಕ್ಕಳ ನಡುವೆ ಈ ಒಂದು ಮಗುವಿಗೆ ಹೇಗೆ ಕಲಿಸಲಿ?’

ಬೆಂಗಳೂರಿನಲ್ಲಿ ವಿಶೇಷ ಶಿಕ್ಷಕಿಯಾಗಿ ಕೆಲಸ ಮಾಡುವ ನಾನು ಇಬ್ಬರಿಗೂ ಸೇರಿಸಿಯೇ ಉತ್ತರ ಬರೆಯುತ್ತಿದ್ದೇನೆ. ಮನೆಯಲ್ಲಿ ಒಂದು ಕ್ರಮ, ಶಾಲೆಯಲ್ಲಿ ಇನ್ನೊಂದು ಕ್ರಮ ಆದಾಗಲೇ ಈ ಮಕ್ಕಳು ಜಾಸ್ತಿ ಕಷ್ಟಪಡುವುದು.

ಮೊದಲು ಆಟಿಸಂ ಅಂದರೆ ಏನು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸರ್ಕಾರಿ ಕಾಗದಗಳಲ್ಲಿ ಇದನ್ನು ‘ಸ್ವಲೀನತೆ’ ಎಂದು ಬರೆಯುತ್ತಾರೆ. ಇದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಮಗು ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿ ಬೇರೆ ಇರುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಒಂದೇ ವಿಷಯದಲ್ಲಿ ಮುಳುಗುವುದು, ಸದ್ದು, ಬೆಳಕು, ಮುಟ್ಟುವಿಕೆ ವಿಪರೀತ ತಟ್ಟುವುದು ಅಥವಾ ತಟ್ಟದೇ ಇರುವುದು ಇವೆಲ್ಲ ಕಾಣುತ್ತವೆ. ಒಂದು ಮಗುವಿನಂತೆ ಇನ್ನೊಂದು ಮಗು ಇರುವುದಿಲ್ಲ. ಅಮ್ಮ ಕೆಲಸಕ್ಕೆ ಹೋದದ್ದರಿಂದ ಇದು ಬರುವುದಿಲ್ಲ. ಲಸಿಕೆಯಿಂದಲೂ ಬರುವುದಿಲ್ಲ. ಯಾರಾದರೂ ಹಾಗೆ ಅಂದರೆ ಆ ಮಾತನ್ನು ಅಲ್ಲೇ ಬಿಟ್ಟು ಬನ್ನಿ.

ಬೇಕಾಗುವ ಸಾಮಾನು ಕಡಿಮೆ: ಒಂದು ನೋಟ್‌ಬುಕ್, ದಪ್ಪ ಕಾಗದ, ಸ್ಕೆಚ್ ಪೆನ್, ಫೋಟೋ ತೆಗೆಯಲು ಮೊಬೈಲ್, ಅಂಟಿಸಿ ಕೀಳಬಹುದಾದ ವೆಲ್ಕ್ರೋ ಪಟ್ಟಿ, ಒಂದು ಟೈಮರ್. ದುಬಾರಿ ಕಿಟ್‌ಗಳನ್ನು ಈಗಲೇ ಕೊಳ್ಳಬೇಡಿ.

ಹಂತ 1: ತಪಾಸಣೆ ಮತ್ತು ಕಾಗದಪತ್ರ

ಅನುಮಾನ ಇದ್ದರೆ ಕಾಯಬೇಡಿ. ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’ ಎಂದು ಅಜ್ಜಿ ಧೈರ್ಯ ಹೇಳುವುದು ಪ್ರೀತಿಯಿಂದಲೇ. ಆದರೆ ಆ ಮಾತಿನಲ್ಲಿ ಎರಡು ವರ್ಷ ಕಳೆದುಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಮಕ್ಕಳ ಬೆಳವಣಿಗೆ ನೋಡುವ ವೈದ್ಯರನ್ನೋ ಮಕ್ಕಳ ಮನೋವೈದ್ಯರನ್ನೋ ಕಾಣಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಮನೋವೈದ್ಯ ವಿಭಾಗ ಇದೆ. ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿಬರುವ ಬೆಂಗಳೂರಿನವರೂ ಇದ್ದಾರೆ. ರಿಪೋರ್ಟ್ ಕೈಗೆ ಬರುವವರೆಗೆ ಕಾಯದೆ ಕೆಳಗಿನ ಹಂತಗಳನ್ನು ಶುರುಮಾಡಬಹುದು. ಇವುಗಳಿಂದ ಯಾವ ಮಗುವಿಗೂ ನಷ್ಟವಿಲ್ಲ.

ರಿಪೋರ್ಟಿನಲ್ಲಿ ‘ಐಎಸ್‌ಎಎ’ ಎಂಬ ಪದ ಕಾಣಬಹುದು. ಅದು ಭಾರತದಲ್ಲೇ ತಯಾರಾದ, 40 ಅಂಶಗಳಿರುವ ಅಳತೆ ಪಟ್ಟಿ. ಒಟ್ಟು ಅಂಕ 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಎಂದು ಲೆಕ್ಕಕ್ಕಿಲ್ಲ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಇದು ಬೇಕು. ಯುಡಿಐಡಿ, ಅಂದರೆ ಇಡೀ ದೇಶದಲ್ಲಿ ನಡೆಯುವ ವಿಕಲಚೇತನರ ಗುರುತಿನ ಚೀಟಿಗೆ ಆನ್‌ಲೈನಲ್ಲಿ ಅರ್ಜಿ ಹಾಕಿ. ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಥೆರಪಿಯ ಖರ್ಚಿನ ಒಂದು ಭಾಗಕ್ಕೂ ಅದರಲ್ಲಿ ಅವಕಾಶ ಇದೆ. ಬಹಳ ಮನೆಗಳಿಗೆ ಇದು ಗೊತ್ತೇ ಇಲ್ಲ.

ಎಚ್ಚರಿಕೆ: ‘ಆರು ತಿಂಗಳಲ್ಲಿ ಪೂರ್ತಿ ಗುಣ’ ಎನ್ನುವವರಿಂದ ದೂರ ಇರಿ. ಆಟಿಸಂ ಅನ್ನು ಹೋಗಲಾಡಿಸುವ ಔಷಧಿ ಇಲ್ಲ. ನಿದ್ದೆಗೆ, ಫಿಟ್ಸ್‌ಗೆ, ವಿಪರೀತ ಸಿಟ್ಟಿಗೆ ವೈದ್ಯರು ಔಷಧಿ ಕೊಡಬಹುದು, ಅದು ಬೇರೆ ವಿಷಯ. ಮೈಯಿಂದ ಲೋಹ ತೆಗೆಯುತ್ತೇವೆ ಎನ್ನುವ ಕಿಲೇಶನ್ ಚಿಕಿತ್ಸೆ ಜೀವಕ್ಕೇ ಅಪಾಯ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿಗೆ ಒಡವೆ ಅಡ ಇಟ್ಟು ಕೊಡಬೇಡಿ. ಅದರಿಂದ ಆಟಿಸಂ ವಾಸಿಯಾಗುತ್ತದೆ ಎಂಬುದಕ್ಕೆ ನಂಬುವಂಥ ಪುರಾವೆ ಇಲ್ಲ.

ಹಂತ 2: ಒಂದು ಹಾಳೆ ಬರೆಯಿರಿ

ಒಂದು ವಾರ ಮಗುವನ್ನು ಸುಮ್ನೆ ಗಮನಿಸಿ. ತಿದ್ದಬೇಡಿ, ಗಮನಿಸಿ ಅಷ್ಟೇ. ಆಮೇಲೆ ಒಂದೇ ಪುಟದಲ್ಲಿ ಇಷ್ಟು ಬರೆಯಿರಿ: ಮಗುವಿಗೆ ಏನು ಇಷ್ಟ, ಏನು ಹೆದರಿಕೆ. ತನಗೆ ಬೇಕಾದದ್ದನ್ನು ಹೇಗೆ ತಿಳಿಸುತ್ತದೆ: ಮಾತಿನಲ್ಲಾ, ಕೈ ಹಿಡಿದು ಎಳೆದಾ, ಅತ್ತಾ? ನೀರು, ಟಾಯ್ಲೆಟ್, ಸಾಕು ಎಂಬುದಕ್ಕೆ ಮನೆಯಲ್ಲಿ ಯಾವ ಪದ ಬಳಸುತ್ತೀರಿ? ತುಂಬ ತಳಮಳ ಆಗುವ ಮೊದಲು ಯಾವ ಗುರುತು ಕಾಣುತ್ತದೆ: ಕಿವಿ ಮುಚ್ಚುವುದಾ, ಅತ್ತಿತ್ತ ಓಡುವುದಾ? ಆಗ ಏನು ಮಾಡಿದರೆ ಸಮಾಧಾನ ಆಗುತ್ತದೆ?

ಈ ಹಾಳೆಯ ಪ್ರತಿಗಳು ಕ್ಲಾಸ್ ಟೀಚರ್, ಪಿ.ಟಿ. ಸರ್, ಆಯಾ, ವ್ಯಾನ್ ಡ್ರೈವರ್ ಅಣ್ಣ, ಮನೆಯಲ್ಲಿ ಅಜ್ಜಿ ತಾತ ಎಲ್ಲರ ಬಳಿಯೂ ಇರಲಿ. ಇಪ್ಪತ್ತು ಪುಟದ ವೈದ್ಯಕೀಯ ರಿಪೋರ್ಟನ್ನು ಯಾವ ಶಿಕ್ಷಕರೂ ಓದಲಾರರು. ಒಂದು ಪುಟವನ್ನು ಓದುತ್ತಾರೆ. ಮಗು ‘ಊಊ’ ಅಂದರೆ ನೀರು ಅಂತ ಮನೆಯವರಿಗೆ ಮಾತ್ರ ಗೊತ್ತಿದ್ದರೆ, ಶಾಲೆಯಲ್ಲಿ ಅದು ಬಾಯಾರಿಕೊಂಡೇ ಕೂರಬೇಕಾಗುತ್ತದೆ, ಅಲ್ವಾ?

ಹಂತ 3: ದಿನವನ್ನು ಕಣ್ಣಿಗೆ ಕಾಣಿಸಿ

ನನ್ನ ಅನುಭವದಲ್ಲಿ ಅತಿ ಬೇಗ ಫಲ ಕೊಡುವುದು ಇದೇ. ನಾವು ಆಡಿದ ಮಾತು ಗಾಳಿಯಲ್ಲಿ ಹೋಗಿಬಿಡುತ್ತದೆ. ಚಿತ್ರ ಅಲ್ಲೇ ಇರುತ್ತದೆ. ಮುಂದೆ ಏನು ಅಂತ ಗೊತ್ತಿಲ್ಲದ ದಿನ ಈ ಮಕ್ಕಳಿಗೆ ಕಣ್ಣು ಕಟ್ಟಿ ರಸ್ತೆಗೆ ಬಿಟ್ಟ ಹಾಗೆ.

ಮೂರು ಫೋಟೋಗಳಿಂದ ಶುರುಮಾಡಿ: ಹಲ್ಲುಜ್ಜುವುದು, ತಿಂಡಿ, ವ್ಯಾನು. ನಿಮ್ಮದೇ ಬಚ್ಚಲು, ನಿಮ್ಮದೇ ತಟ್ಟೆ, ಅದೇ ವ್ಯಾನಿನ ಫೋಟೋ ತೆಗೆಯಿರಿ. ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಅಂಟಿಸಿ. ಒಂದು ಕೆಲಸ ಮುಗಿದ ಕೂಡಲೇ ಮಗುವಿನ ಕೈಯಿಂದಲೇ ಆ ಫೋಟೋ ಕೀಳಿಸಿ ‘ಮುಗೀತು’ ಡಬ್ಬಿಗೆ ಹಾಕಿಸಿ. ಹದಿನೈದು ದಿನ ಬಿಟ್ಟು ಇನ್ನೆರಡು ಸೇರಿಸಿ. ಫೋಟೋ ಗುರುತಿಸದ ಮಗುವಿಗೆ ವಸ್ತುವನ್ನೇ ಕೊಡಿ: ಸ್ನಾನಕ್ಕೆ ಚೊಂಬು, ಹೊರಗೆ ಹೋಗಲು ಚಪ್ಪಲಿ. ಓದಬಲ್ಲ ಮಗುವಿಗೆ ಪದಗಳ ಪಟ್ಟಿ ಸಾಕು.

ಕ್ಲಾಸಿನಲ್ಲೂ ಇದೇ ಪಟ್ಟಿಯನ್ನು ಡೆಸ್ಕಿನ ಮೂಲೆಗೆ ಅಂಟಿಸಿ: ಪ್ರಾರ್ಥನೆ, ಕನ್ನಡ, ಗಣಿತ, ಬಿಸಿಯೂಟ, ಆಟ, ಮನೆ. ‘ಮನೆ’ ಚಿತ್ರ ಕೊನೆಯಲ್ಲಿ ಇರಲೇಬೇಕು. ಅದು ಕಂಡರೆ ಎಷ್ಟೋ ಮಕ್ಕಳ ಅಳು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇನ್ನೊಂದು ಸಲಕರಣೆ ‘ಮೊದಲು–ಆಮೇಲೆ’ ಕಾರ್ಡ್. ಎಡಗಡೆ ಬರವಣಿಗೆ, ಬಲಗಡೆ ಮಗುವಿನ ಇಷ್ಟದ ಕೆಲಸ. ‘ಮೊದಲು ಎರಡು ಸಾಲು. ಆಮೇಲೆ ಉಯ್ಯಾಲೆ.’ ಎರಡು ಸಾಲು ಮುಗಿದ ಮೇಲೆ ‘ಇನ್ನೊಂದು ಸಾಲು ಬರಿ’ ಎನ್ನಬೇಡಿ. ಒಂದು ಸಲ ಮಾತು ತಪ್ಪಿದರೆ ಕಾರ್ಡಿನ ಮೇಲಿನ ನಂಬಿಕೆ ಹೋಗುತ್ತದೆ, ಮತ್ತೆ ಕಟ್ಟಲು ವಾರಗಳು ಬೇಕು.

ಎಚ್ಚರಿಕೆ: ಮಗು ಹೊಂದಿಕೊಂಡ ಮೇಲೆ ‘ಇನ್ನು ಬೇಡ’ ಎಂದು ಪಟ್ಟಿ ತೆಗೆದುಹಾಕುವ ತಪ್ಪನ್ನು ಬಹಳ ಜನ ಮಾಡುತ್ತಾರೆ. ನಾವು ಕ್ಯಾಲೆಂಡರ್ ನೋಡುವುದನ್ನು ಬಿಟ್ಟಿಲ್ಲವಲ್ಲ. ರಜೆ, ಬಂದ್, ಮಳೆಗೆ ಶಾಲೆ ಬಿಡುವುದು ಇವಕ್ಕೆ ‘ಬದಲಾವಣೆ’ ಎಂಬ ಬಣ್ಣದ ಕಾರ್ಡ್ ಮಾಡಿಕೊಳ್ಳಿ. ಖುಷಿಯ ಬದಲಾವಣೆಗಳಲ್ಲಿ ಮೊದಲು ಅದನ್ನು ಬಳಸಿ. ತಿಂಡಿಗೆ ಇಡ್ಲಿ ಬದಲು ದೋಸೆ ಅಂದಾಗ ಆ ಕಾರ್ಡ್ ಕಂಡಿದ್ದರೆ, ವ್ಯಾನ್ ಕೆಟ್ಟ ದಿನವೂ ಅದು ಕೆಲಸಕ್ಕೆ ಬರುತ್ತದೆ.

ಹಂತ 4: ಮಾತು

ಮೊದಲನೆಯದಾಗಿ, ಮನೆ ಮಾತು ಬಿಡಬೇಡಿ. ‘ಮಗುವಿಗೆ ಗೊಂದಲ ಆಗುತ್ತದೆ, ಇಂಗ್ಲಿಷ್ ಒಂದೇ ಆಡಿ’ ಎನ್ನುವ ಸಲಹೆಯನ್ನು ಬೆಂಗಳೂರಿನಲ್ಲಿ ಈಗಲೂ ಕೊಡುತ್ತಾರೆ. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಇನ್ನೊಂದು ಕಡೆಯಿಂದ ಯೋಚಿಸಿ: ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡ ಬಿಡಿಸಿದರೆ, ಮೊದಲೇ ಮಾತು ಕಡಿಮೆ ಇರುವ ಮಗುವಿಗೆ ಅಜ್ಜಿಯೂ ಇಲ್ಲದಂತಾಗುತ್ತದೆ. ಮನಸ್ಸಿಗೆ ಹತ್ತಿರದ ಭಾಷೆಯಲ್ಲೇ ಆಡಿ. ಕೆಲವು ಮುಖ್ಯ ಪದಗಳಿಗೆ ಮಾತ್ರ ಮನೆ, ಶಾಲೆ ಎರಡೂ ಕಡೆ ಒಂದೇ ಚಿತ್ರ ಇಟ್ಟುಕೊಳ್ಳಿ. ‘ನೀರು’ ಎಂದರೂ ‘ವಾಟರ್’ ಎಂದರೂ ಕಾರ್ಡ್ ಅದೇ.

ವಾಕ್ಯ ಚಿಕ್ಕದಾಗಿರಲಿ. ‘ಶೂ ಹಾಕ್ಕೋ’ ಅಂದಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಡುವೆ ಅದನ್ನೇ ಬೇರೆ ಪದಗಳಲ್ಲಿ ಹೇಳಿದರೆ ಮಗು ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ. ಈ ಹತ್ತು ಎಣಿಕೆ ಕಾಯುವುದು ಶಿಕ್ಷಕರಿಗೆ ಅತಿ ಕಷ್ಟದ ಕೆಲಸ, ನನಗೂ ಕಷ್ಟವಾಗಿತ್ತು.

ನಮ್ಮ ಕನ್ನಡದಲ್ಲಿ ಹೇಳುವುದೊಂದು, ಅರ್ಥ ಇನ್ನೊಂದು ಇರುವ ಮಾತುಗಳು ಬಹಳ. ಆಫೀಸಿಗೆ ಹೊರಟ ಅಪ್ಪ ‘ಬರ್ತೀನಿ’ ಅಂದರೆ, ಮಾತನ್ನು ಇದ್ದಂತೆಯೇ ತೆಗೆದುಕೊಳ್ಳುವ ಮಗು ಬಾಗಿಲಲ್ಲೇ ಕಾಯುತ್ತದೆ. ‘ಆಫೀಸಿಗೆ ಹೋಗ್ತೀನಿ. ಕತ್ತಲಾದ ಮೇಲೆ ಬರ್ತೀನಿ’ ಎನ್ನಿ. ‘ತಲೆ ತಿನ್ನಬೇಡ’, ‘ಆಮೇಲೆ ನೋಡೋಣ’, ‘ಐದು ನಿಮಿಷ ಇರು’ ಇವೂ ಹಾಗೇ. ಐದು ನಿಮಿಷ ಅಂದರೆ ಟೈಮರ್ ಇಡಿ, ಐದಕ್ಕೆ ಏಳಿ.

‘ಎಕೋಲೇಲಿಯಾ’ ಎಂಬ ಪದ ಕೇಳಿರುತ್ತೀರಿ. ಕೇಳಿದ ಮಾತನ್ನೇ ಮಗು ತಿರುಗಿ ಹೇಳುವುದಕ್ಕೆ ಹಾಗೆನ್ನುತ್ತಾರೆ. ಮಗು ನಿಮ್ಮ ಹತ್ತಿರ ಬಂದು ‘ನಿಂಗೆ ನೀರು ಬೇಕಾ?’ ಎನ್ನುತ್ತದೆ. ಅದು ನಿಮ್ಮನ್ನು ಕೇಳುತ್ತಿಲ್ಲ, ತನಗೆ ನೀರು ಬೇಕು ಎನ್ನುತ್ತಿದೆ. ನೀರು ಸಿಗುವ ಹೊತ್ತಿನಲ್ಲಿ ಅದು ಕೇಳಿರುವ ಮಾತು ಅದೇ ತಾನೆ? ‘ಹಾಗಲ್ಲ, ಸರಿಯಾಗಿ ಹೇಳು’ ಎಂದು ಗದರಬೇಡಿ. ನೀರು ಕೊಡುತ್ತಾ ಮಗುವಿನ ಪರವಾಗಿ ‘ನಂಗೆ ನೀರು ಬೇಕು’ ಎನ್ನಿ. ದಿನಕ್ಕೆ ಹತ್ತು ಸಲ, ತಿಂಗಳುಗಟ್ಟಲೆ.

ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡ್ ಅಥವಾ ಮಾತಾಡುವ ಆ್ಯಪ್ ಕೊಡಿ. ಇವನ್ನೆಲ್ಲ ಸೇರಿಸಿ ‘ಎಎಸಿ’ ಎನ್ನುತ್ತಾರೆ, ಮಾತಿಗೆ ಬದಲಿಯಾಗಿ ಅಥವಾ ಜೊತೆಯಾಗಿ ಬಳಸುವ ದಾರಿಗಳು. ‘ಕಾರ್ಡ್ ಕೊಟ್ಟರೆ ಮಾತೇ ಕಲಿಯಲ್ಲ’ ಎಂಬ ಭಯ ಬೇಡ, ಹಾಗೆ ಆಗುವುದಿಲ್ಲ. ಮೊದಲ ಕಾರ್ಡ್ ಇಷ್ಟದ ತಿಂಡಿ. ಎರಡನೆಯದು ‘ಸಾಕು’ ಅಥವಾ ‘ಬೇಡ’. ಈ ಎರಡನೆಯದನ್ನು ಹಿರಿಯರು ಕೊಡುವುದೇ ಇಲ್ಲ. ಬೇಡ ಎನ್ನಲು ದಾರಿ ಇಲ್ಲದ ಮಗು ಕಚ್ಚುತ್ತದೆ, ತಳ್ಳುತ್ತದೆ.

ಮುಖ ಹಿಡಿದು ‘ನನ್ನ ಕಣ್ಣು ನೋಡು’ ಎನ್ನುವುದನ್ನು ದಯವಿಟ್ಟು ನಿಲ್ಲಿಸಿ. ಬೇರೆ ಕಡೆ ನೋಡುತ್ತಲೇ ಈ ಮಕ್ಕಳು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ.

ಹಂತ 5: ಸದ್ದು, ಬೆಳಕು, ವಾಸನೆ

ಸೆನ್ಸರಿ ತೊಂದರೆ ಎಂದರೆ ಕಿವಿ, ಕಣ್ಣು, ಮೂಗು, ಚರ್ಮದಿಂದ ಬರುವ ಸುದ್ದಿ ಅತಿಯಾಗಿ ಅಥವಾ ಕಡಿಮೆಯಾಗಿ ತಟ್ಟುವುದು. ಕುಕ್ಕರ್ ಸೀಟಿ, ಮಿಕ್ಸಿ, ಗಣೇಶನ ಮೆರವಣಿಗೆಯ ತಮಟೆ, ಶಾಲೆಯ ಮೈಕು, ಯೂನಿಫಾರ್ಮ್ ಕಾಲರಿನ ಲೇಬಲ್, ಮಿಣುಕುವ ಟ್ಯೂಬ್‌ಲೈಟ್ ಇವುಗಳಲ್ಲಿ ಯಾವುದು ನೋಯಿಸುತ್ತದೆ ಎಂದು ಪಟ್ಟಿ ಮಾಡಿ.

ಒಬ್ಬ ಹುಡುಗ ದಿನಾ ಒಂದೇ ಹೊತ್ತಿಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಅವನ ಬೆಂಚಿನ ಪಕ್ಕದ ಗೋಡೆಯಾಚೆಗೇ ಶಾಲೆಯ ಗಂಟೆ ಇತ್ತು. ಬೆಂಚ್ ಬದಲಿಸಿ, ಗಂಟೆ ಹೊಡೆಯುವ ಎರಡು ನಿಮಿಷ ಮೊದಲು ಕಾರ್ಡ್ ತೋರಿಸಲು ಶುರುಮಾಡಿದೆವು. ಅಷ್ಟರಲ್ಲೇ ಬಹುಪಾಲು ನಿಂತಿತು.

ಮಿಕ್ಸಿ ಹಾಕುವ ಮೊದಲು ಹೇಳಿ. ಲೇಬಲ್ ಕತ್ತರಿಸಿ. ಸದ್ದು ತಗ್ಗಿಸುವ ಹೆಡ್‌ಫೋನನ್ನು ಶಾಲೆ ಒಪ್ಪಲಿ. ಕೈ ಬೀಸುವುದು, ತೂಗಾಡುವುದು ‘ಸ್ಟಿಮ್ಮಿಂಗ್’, ಅಂದರೆ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಚಲನೆ. ಗಾಯ ಆಗದಿದ್ದರೆ ಬಿಟ್ಟುಬಿಡಿ. ಮದುವೆ ಮನೆಗೆ ಹೋದರೆ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತು ಬೇಗ ಹೊರಡಿ. ಲಾಲ್‌ಬಾಗಿಗೆ ಬೆಳಿಗ್ಗೆ ಬೇಗ ಹೋಗಿ, ಫಲಪುಷ್ಪ ಪ್ರದರ್ಶನದ ದಿನ ಬೇಡ.

ಬರೀ ಮೊಸರನ್ನ ತಿನ್ನುವ ಮಗುವಿನ ಬಾಯಿಗೆ ತುರುಕಬೇಡಿ. ಹೊಸ ತಿಂಡಿ ಮೊದಲು ಪಕ್ಕದ ತಟ್ಟೆಯಲ್ಲಿರಲಿ, ಆಮೇಲೆ ಮುಟ್ಟಲಿ, ಮೂಸಲಿ. ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಿ.

ಹಂತ 6: ಸ್ಫೋಟವಾದಾಗ

ಹಟ ಬೇರೆ, ಮೆಲ್ಟ್‌ಡೌನ್ ಬೇರೆ. ಹಟದಲ್ಲಿ ಕೇಳಿದ್ದು ಸಿಕ್ಕರೆ ಅಳು ನಿಲ್ಲುತ್ತದೆ. ಮೆಲ್ಟ್‌ಡೌನ್ ಎಂದರೆ ತಾಳುವ ಶಕ್ತಿ ಮುಗಿದುಹೋದ ಸ್ಥಿತಿ. ಏನು ಕೊಟ್ಟರೂ ನಿಲ್ಲುವುದಿಲ್ಲ, ಮಗುವಿನ ಕೈಯಲ್ಲೂ ಇಲ್ಲ.

ಆ ಹೊತ್ತಿನಲ್ಲಿ ಮಾತು ನಿಲ್ಲಿಸಿ. ಜನರನ್ನು ದೂರ ಕಳಿಸಿ. ಚೂಪಾದದ್ದನ್ನು ತೆಗೆಯಿರಿ. ಒಬ್ಬರೇ ಹತ್ತಿರ, ಕೆಳಗೆ ಕೂತಿರಿ. ಪಾಠ, ಪ್ರಶ್ನೆ, ಕ್ಷಮೆ ಕೇಳಿಸುವುದು ಯಾವುದೂ ಬೇಡ. ಶಾಂತವಾದ ಮೇಲೆ ನೀರು ಕೊಡಿ, ಮಲಗಬೇಕೆಂದರೆ ಮಲಗಲಿ.

ಸಂಜೆ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿ ಬರೆಯಿರಿ: ಅದಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಹತ್ತು ಸಲ ಬರೆದ ಮೇಲೆ ಕಾರಣ ತಾನಾಗಿ ಕಾಣುತ್ತದೆ. ಗಣಿತದ ಪೀರಿಯಡ್‌ನಲ್ಲಿ ಕಿರುಚಿದಾಗಲೆಲ್ಲ ಹೊರಗೆ ಕಳಿಸಿದ್ದರೆ, ಕಿರುಚಿದರೆ ಗಣಿತ ತಪ್ಪುತ್ತದೆ ಎಂದು ನಾವೇ ಕಲಿಸಿದ್ದೇವೆ. ‘ಬ್ರೇಕ್ ಬೇಕು’ ಕಾರ್ಡ್ ಕೊಡಿ, ಲೆಕ್ಕ ಕಡಿಮೆ ಮಾಡಿ.

ನಡವಳಿಕೆ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಮಲಬದ್ಧತೆ ಬಹಳ ಸಾಮಾನ್ಯ. ನೋವನ್ನು ಹೇಳಲಾರದ ಮಗು ಕೈಯಿಂದ, ತಲೆಯಿಂದ ಹೇಳುತ್ತದೆ. ದಿಟ್ಟಿಸಿ ನಿಂತುಬಿಡುವುದು, ಮೈ ಅದುರುವುದು ಕಂಡರೆ ವೀಡಿಯೊ ತೆಗೆದು ವೈದ್ಯರಿಗೆ ತೋರಿಸಿ. ಆಟಿಸಂ ಇರುವವರಲ್ಲಿ ಫಿಟ್ಸ್ ಬೇರೆಯವರಿಗಿಂತ ಹೆಚ್ಚು.

ಓಡಿಹೋಗುವ ಮಕ್ಕಳಿಗೆ ನೀರಿನ ಸೆಳೆತ ಜಾಸ್ತಿ. ಮನೆಯ ಸಂಪಿನ ಮುಚ್ಚಳಕ್ಕೆ ಇವತ್ತೇ ಬೀಗ ಹಾಕಿ. ಬಡಾವಣೆಯಲ್ಲಿ ಕೆರೆ ಇದ್ದರೆ, ಮಗು ಕಾಣದಾದಾಗ ಮೊದಲು ಅಲ್ಲಿಗೇ ಓಡಿ. ಬಟ್ಟೆಯೊಳಗೆ ಫೋನ್ ನಂಬರ್ ಹೊಲಿದಿಡಿ.

ಹಂತ 7: ಪಾಠ

ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ. ‘ಕೈ ತೊಳಿ’ ಎಂಬುದರಲ್ಲೇ ಆರು ಹೆಜ್ಜೆ ಇವೆ: ನಲ್ಲಿ ತಿರುಗಿಸು, ಒದ್ದೆ ಮಾಡು, ಸೋಪು, ಉಜ್ಜು, ತೊಳೆ, ಒರೆಸು. ಕೊನೆಯ ಹೆಜ್ಜೆ ಮೊದಲು ಕಲಿಸಿ. ಐದನ್ನು ನೀವು ಮಾಡಿಸಿ, ಒರೆಸುವುದನ್ನು ಮಗು ಮಾಡಲಿ. ಮುಗಿಸಿದ ಖುಷಿ ದಿನಾ ಸಿಗುತ್ತದೆ.

ಅಕ್ಷರ ಕಲಿಸುವಾಗ ‘ಮ’ ಮತ್ತು ‘ವ’, ‘ಪ’ ಮತ್ತು ‘ಷ’ ಇಂಥ ಒಂದೇ ಆಕಾರದವನ್ನು ಒಟ್ಟಿಗೆ ತರಬೇಡಿ. ಕಾಗುಣಿತ ಬಾಯಿಪಾಠಕ್ಕಿಂತ ಪೂರ್ತಿ ಪದವನ್ನು ಚಿತ್ರದ ಹಾಗೆ ಗುರುತಿಸುವುದು ಕೆಲವರಿಗೆ ಸುಲಭ. ಮಗುವಿನ ಹುಚ್ಚನ್ನೇ ಪುಸ್ತಕ ಮಾಡಿ. ನಮ್ಮ ಮೆಟ್ರೋ ಇಷ್ಟವಾ? ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ ಬೋರ್ಡುಗಳ ಫೋಟೋ ತೆಗೆದು ಓದಿಸಿ. ವಿಜಯನಗರದಿಂದ ಮೆಜೆಸ್ಟಿಕ್ ಎಷ್ಟನೇ ನಿಲ್ದಾಣ? ಒತ್ತಕ್ಷರವೂ ಆಯಿತು, ಎಣಿಕೆಯೂ ಆಯಿತು.

ಪೆನ್ಸಿಲ್ ಹಿಡಿಯಲು ಕಷ್ಟವಿದ್ದರೆ ಉತ್ತರವನ್ನು ಬೆರಳಲ್ಲಿ ತೋರಿಸಲಿ, ಕಾರ್ಡ್ ಅಂಟಿಸಲಿ, ಟೈಪ್ ಮಾಡಲಿ. ನೀವು ಪರೀಕ್ಷಿಸುತ್ತಿರುವುದು ಗಣಿತವನ್ನು. ಅದಕ್ಕೆ ಕೈಬರಹ ಅಡ್ಡ ಬರಬಾರದು.

ಹಂತ 8: ಶಾಲೆಯ ಜೊತೆ ಮಾತು

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಹೆಸರಿಸಿರುವ 21 ಬಗೆಯಲ್ಲಿ ಆಟಿಸಂ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅದು ಹೇಳುತ್ತದೆ. 40 ಶೇಕಡಾ ಅಥವಾ ಹೆಚ್ಚಿನ ಪ್ರಮಾಣದ ಅಂಗವೈಕಲ್ಯ ಇದೆ ಎಂಬ ಸರ್ಟಿಫಿಕೇಟ್ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ ತನಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಇದೆ. ಹೊಡೆಯುವುದು, ಅವಮಾನ ಮಾಡುವುದು ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ನಿಷಿದ್ಧ. ಸೀಟು ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಆ ಪತ್ರ ಹಿಡಿದು ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ, ಆಮೇಲೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ಹೋಗಬಹುದು. ಸರ್ಕಾರಿ ಶಾಲೆಯಾದರೆ ಬ್ಲಾಕ್ ಮಟ್ಟದ ‘ಬಿಐಇಆರ್‌ಟಿ’, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ.

ಶಾಲೆ ಒಪ್ಪಿದ ಮೇಲೆ ‘ಐಇಪಿ’ ಕೇಳಿ. ಅದು ಈ ಒಂದು ಮಗುವಿಗಾಗಿ ಬರೆದ ಕಲಿಕೆಯ ಯೋಜನೆ. ಮೂರು ತಿಂಗಳಿಗೆ ಮೂರೇ ಗುರಿ ಸಾಕು, ಅಳೆಯುವಂತಿರಲಿ. ‘ನಡವಳಿಕೆ ಸುಧಾರಿಸುವುದು’ ಗುರಿಯಲ್ಲ. ‘ಬ್ರೇಕ್ ಕಾರ್ಡನ್ನು ದಿನಕ್ಕೆ ಮೂರು ಸಲ ತಾನೇ ತೋರಿಸುವುದು’ ಗುರಿ.

ಶ್ಯಾಡೋ ಟೀಚರ್, ಅಂದರೆ ಮಗುವಿನ ಜೊತೆಗೇ ಕೂರುವ ಸಹಾಯಕರು ಇದ್ದರೆ ಒಂದು ಅಪಾಯ ಗಮನಿಸಿ: ಕ್ಲಾಸ್ ಟೀಚರ್ ಮಗುವಿನ ಜೊತೆ ಮಾತಾಡುವುದೇ ನಿಂತುಬಿಡುತ್ತದೆ. ದಿನಕ್ಕೆ ಒಂದು ಪ್ರಶ್ನೆಯಾದರೂ ಟೀಚರ್ ನೇರವಾಗಿ ಕೇಳಲಿ. ಜೊತೆಯ ಮಕ್ಕಳಿಗೂ ಸರಳವಾಗಿ ಹೇಳಿ: ‘ಅವಳಿಗೆ ಜೋರು ಸದ್ದು ನೋವಾಗುತ್ತೆ. ಆಟಕ್ಕೆ ಕರೆಯುವಾಗ ಕಾರ್ಡ್ ತೋರಿಸಿ.’ ಮಕ್ಕಳು ನಮಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಬೋರ್ಡ್ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು ಮುಂತಾದ ರಿಯಾಯಿತಿ ಇವೆ. ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು. ಎಸ್‌ಎಸ್‌ಎಲ್‌ಸಿಗೆ ಶಾಲೆಯ ಮೂಲಕ ಅರ್ಜಿ ಹೋಗಬೇಕು, ಆದ್ದರಿಂದ ಒಂಬತ್ತನೇ ತರಗತಿಯಲ್ಲೇ ಕಾಗದ ಸಿದ್ಧವಿರಲಿ. ಒಟ್ಟಿಗೆ ಎಲ್ಲ ವಿಷಯ ಬರೆಯುವುದು ಆಗದಿದ್ದರೆ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬರೆಯಬಹುದು.

ಹಂತ 9: ತರಗತಿ ಬದಲಾಗುವಾಗ

ಮೇ ಕೊನೆಯ ವಾರ, ಮಕ್ಕಳಿಲ್ಲದ ಖಾಲಿ ಶಾಲೆಗೆ ಮಗುವನ್ನು ಕರೆದುಕೊಂಡು ಹೋಗಿ. ಗೇಟು, ಹೊಸ ಕ್ಲಾಸು, ಟಾಯ್ಲೆಟ್, ನೀರಿನ ನಲ್ಲಿ, ಹೊಸ ಮಿಸ್ ಎಲ್ಲದರ ಫೋಟೋ ತೆಗೆಯಿರಿ. ಆರು ಪುಟದ ಪುಸ್ತಕ ಹೊಲಿದು ದಿನಾ ರಾತ್ರಿ ಓದಿ. ಹಳೆಯ ಟೀಚರ್ ಮತ್ತು ಹೊಸ ಟೀಚರ್ ಅರ್ಧ ಗಂಟೆ ಒಟ್ಟಿಗೆ ಕೂರುವಂತೆ ಕೇಳಿಕೊಳ್ಳಿ. ಎರಡನೇ ಹಂತದ ಹಾಳೆಯನ್ನು ಹೊಸದಾಗಿ ಬರೆದು, ಕಳೆದ ವರ್ಷದ್ದರ ಜೊತೆ ಪಿನ್ ಮಾಡಿ ಅವತ್ತೇ ಕೈಗೆ ಕೊಡಿ.